ಅರ್ಧ ಗಡ್ಡದ ಮಹಾಸಮರ

ಹೆಬ್ಬೆರಳೇ ಆಯುಧವಾಗಿ, ಕುತ್ತಿಗೆಯೇ ಬಾಗಿದ ಬಿಲ್ಲಾಗಿ, ಎದುರಿಗೆ ಕೂತ ಮನುಷ್ಯನಿಗಿಂತ ಎಲ್ಲಿಯೋ ಇರುವ ಮನುಷ್ಯನೇ ಹತ್ತಿರದವನೆಂದು ಲೋಕವೆಲ್ಲ ನಂಬಿದ್ದ ಆ ಮಹಾಯುಗದಲ್ಲಿ. ಕಂತು ಕಟ್ಟುವವನೇ ಧೀರನೆಂದೂ ರೀಚಾರ್ಜು ಮುಗಿದವನು ಇದ್ದೂ ಇಲ್ಲದವನೆಂದೂ ಎಣಿಸಲಾಗುತ್ತಿದ್ದ ಆ ಘೋರಕಾಲದಲ್ಲಿ. ಗದಗ-ಬೆಟಗೇರಿಯ ಒಂದು ಓಣಿಯ ತುದಿಯಲ್ಲಿ, ಕರ್ತರೀಪಾಣಿಯೂ ಕ್ಷುರಧಾರಾಪ್ರವೀಣನೂ ಫೇನಪುಂಜಾಲಂಕಾರನಿಪುಣನೂ, ಇವೆಲ್ಲಕ್ಕಿಂತ ಮಿಗಿಲಾಗಿ ಅವಿಚ್ಛಿನ್ನವಾಕ್ಪ್ರವಾಹನೂ ಆದ ಅಂದಾನೆಪ್ಪ ಹಡಪದನೆಂಬ ವೀರನು ಒಂದು ಸಲೂನನ್ನು ಆಳಿಕೊಂಡಿದ್ದನು. ಹೇ ವಾಗ್ದೇವಿ, ನೀನು ಈಚೆಗೆ ನಾಲಗೆಗಳನ್ನು ಖಾಲಿ ಮಾಡಿ ಬೆರಳ ತುದಿಗಳಿಗೆ ಬಿಡಾರ ಬದಲಾಯಿಸಿದ್ದೀಯೆಂದು ಸುದ್ದಿ. ಬಿಡುವಿದ್ದರೆ ಇತ್ತ ಒಂದು ಗಳಿಗೆ ಬಾ. ಹೇಳಬೇಕಾದ್ದು ಮಾತನ್ನೇ ನಂಬಿ ಬದುಕಿದವನೊಬ್ಬನ ಯುದ್ಧದ ಕಥೆ.

ಒಂದು ಕಾಲವಿತ್ತು. ಅಂದಾನೆಪ್ಪನ ಸಲೂನಿಗೆ ಗಡ್ಡ ಬೆಳೆಯದವರೂ ಬಂದು ಕೂರುತ್ತಿದ್ದರು. ಯಾರ ಮಗಳಿಗೆ ಎಲ್ಲಿಯ ಗಂಡು ಗೊತ್ತಾಯಿತು, ಯಾವ ಮನೆಯ ಅಣ್ಣತಮ್ಮಂದಿರು ಗೋಡೆ ಎಬ್ಬಿಸಿದರು, ಯಾವ ಹೋಟೆಲ್ಲಿನ ಮಿರ್ಚಿಗೆ ಯಾಕೆ ರುಚಿ ಕೆಟ್ಟಿತು, ಎಲ್ಲವೂ ಕತ್ತರಿಯ ತಾಳಕ್ಕೆ ಸರಿಯಾಗಿ ಅಲ್ಲಿ ಹರಿಯುತ್ತಿತ್ತು. ಆಮೇಲೆ ಬಂತು ನೋಡಿ ಆ ಅಂಗೈಯಗಲದ ಮಾಯಾದರ್ಪಣ. ಗೋಡೆಗೆ ಹಾಕಿದ್ದ ದೊಡ್ಡ ಕನ್ನಡಿ ವಿಧವೆಯಂತೆ ಮೂಲೆಗುಂಪಾಯಿತು. ತಮ್ಮ ಮುಖ ತಾವು ನೋಡಿಕೊಳ್ಳಬೇಕಾದವರೂ ಅದನ್ನು ಮೊಬೈಲಿನಲ್ಲೇ ನೋಡಿಕೊಂಡರು. ಕ್ಷೌರ ಮಾಡುವವನಿಗೆ ಬಗ್ಗಿದ ಕತ್ತಿನಷ್ಟು ದೊಡ್ಡ ಶತ್ರುವಿಲ್ಲ. ನೆಟ್ಟಗೆ ಕೂರಿಸಿದರೆ ಗಿರಾಕಿ ಸಿಡುಕುತ್ತಾನೆ, ಬಗ್ಗಲು ಬಿಟ್ಟರೆ ಹಿಂಗೂದಲು ಸೊಟ್ಟಗಾಗುತ್ತದೆ. ಕಿವಿಗಳಲ್ಲಿಯೋ, ಹಾಡು ಸುರಿಯುವ ಬಿಳಿಯ ಬಿರಟೆಗಳು. ಅಂದಾನೆಪ್ಪ ಮಾತಾಡುತ್ತಲೇ ಇದ್ದನು. ಆದರೆ ಆ ಮಾತು ನೆಲದ ಮೇಲೆ ಬಿದ್ದ ಕೂದಲಿನ ಜೊತೆ ಸೇರಿ ಸಂಜೆ ಕಸಬರಿಗೆಯ ಪಾಲಾಗುತ್ತಿತ್ತು.

ಹೀಗಿರಲು ಒಂದು ಭಾನುವಾರ ಮುಂಜಾನೆ, ಒತ್ತುಗುಂಡಿಯದೂ ರಬ್ಬರಿನ ಪಟ್ಟಿಯಿಂದ ಬಂಧಿತವೂ ಆದ ಅವನ ಹಳೆಯ ಫೋನು ಅರಚಿತು. ಕೊಪ್ಪಳದ ಆಸ್ಪತ್ರೆಯಿಂದ ಅಳಿಯ. "ಮಾವಾ, ನೀಲಾ ಹಡದ್ಲು. ಹೆಣ್ಣು. ಇಬ್ರೂ ಆರಾಮ ಅದಾರ. ಇಡ್ತೀನ್ರಿ, ಬ್ಯಾರೆ ಫೋನ್ ಬರಾಕತ್ತಾವ." ಇಷ್ಟೇ. ಹೆಂಡತಿ ಮಗಳ ಬಳಿಗೆ ಹೋಗಿ ವಾರವಾಗಿತ್ತು. ಮನೆಯಲ್ಲಿ ಹೇಳಿಕೊಳ್ಳಲು ಯಾರೂ ಇಲ್ಲ. ಮೊಮ್ಮಗಳು ಹುಟ್ಟಿದಳೆಂಬ ಸುದ್ದಿಯನ್ನು ಒಬ್ಬನೇ ಹೊತ್ತುಕೊಂಡು ಅಂದಾನೆಪ್ಪ ಸಲೂನಿನ ಬಾಗಿಲು ತೆಗೆದನು. ಅವರ ಮನೆತನದಲ್ಲಿ ಒಂದು ರೂಢಿಯಿತ್ತು: ಕೂಸು ಹುಟ್ಟಿದ ಸುದ್ದಿಯನ್ನು ಎದುರಿಗೆ ನಿಂತು, ಕೇಳುವವನ ಮುಖ ನೋಡಿ ಹೇಳಬೇಕು. ಆ ಮುಖ ಅರಳಿದರೆ ಕೂಸಿಗೆ ಆಯುಷ್ಯ.

ಆದರೆ ಮುಖ ಎಲ್ಲಿತ್ತು? ಮೊದಲ ಗಿರಾಕಿಗೆ "ನಮ್ಮ ಮಗಳು…" ಎಂದು ಶುರು ಮಾಡಿದಾಗ ಅವನು "ಹಾಂ, ಹೇಳು" ಎಂದನು, ಫೋನಿಗೆ. ಎರಡನೆಯವನು ಕೇಳುವ ಮುಂಚೆಯೇ ನಕ್ಕನು, ಅದೂ ಫೋನಿಗೆ. ಬೆಂಚಿನ ಮೇಲೆ ಸರದಿ ಕಾಯುತ್ತಿದ್ದವರು ತಪಸ್ವಿಗಳಂತೆ ತಲೆ ತಗ್ಗಿಸಿದ್ದರು. ಅಂದಾನೆಪ್ಪ ಮನಸ್ಸಿನಲ್ಲೇ ಶಪಥ ಮಾಡಿದನು: ಬರುವವನು ಬರಲಿ, ಅವನಿಗೇ ಮೊದಲು ಹೇಳುವೆನು, ಇಂದು ಅವನ ಕಿವಿಯನ್ನು ಗೆಲ್ಲದೆ ಕತ್ತಿಯನ್ನು ಮಡಚೆನು.

ಪ್ರತಿ ಭಾನುವಾರ ಆ ಹೊತ್ತಿಗೆ ಬರುವವನೆಂದರೆ ಸ್ಥಾಲೀಕಲಶಕಟಾಹಾಧೀಶ್ವರನೂ ಸ್ಟೀಲುಭಾಂಡಸಾರ್ವಭೌಮನೂ ಆದ ಸಂಗನಬಸಪ್ಪ. ಪಾತ್ರೆ ಅಂಗಡಿಯ ಸಾವ್ಕಾರ. ಅಂದಾನೆಪ್ಪನ ಜೊತೆ ಒಂದೇ ಶಾಲೆಯಲ್ಲಿ ಒಂದೇ ಮಾಸ್ತರರಿಂದ ಬೆತ್ತದೇಟು ತಿಂದವನು. ಒಂದು ಒಳ್ಳೆಯ ಎಮ್ಮೆಯ ಬೆಲೆಗೆ ಕೊಂಡ ಮೊಬೈಲನ್ನು ಅಂಗೈಯಲ್ಲಿ ಆರತಿ ತಟ್ಟೆಯಂತೆ ಹಿಡಿದು ಬಂದವನೇ, ಸರದಿಯನ್ನೂ ನೋಡದೆ, ಕುರ್ಚಿಯಲ್ಲಿ ಕುಸಿದನು.

"ಅಂದಾನಿ, ಲಗೂನ ಗಡ್ಡಾ ತಗೀಪಾ."

ಬಿಳಿಯ ವಸ್ತ್ರ ಕೊರಳಿಗೆ ಬಿತ್ತು. ಬ್ರಷ್ಷು ಆಡಿತು, ನೊರೆ ಎದ್ದಿತು, ಬಲಗೆನ್ನೆ ನುಣ್ಣಗಾಯಿತು. ಆಗ ಅಂದಾನೆಪ್ಪ ಗಂಟಲು ಸರಿಮಾಡಿಕೊಂಡನು.

"ಸಾವ್ಕಾರ, ನಿನಗೊಂದು ಮಾತ ಹೇಳೂದೈತಿ."

"ಹೇಳ, ಹೇಳ. ಕೇಳಾಕತ್ತೀನಿ." ಕಣ್ಣು ಗಾಜಿನಲ್ಲಿ.

"ನಾ ಏನಂದೆ, ಹೇಳ ನೋಡೂಣು."

"ಅದ… ಮಳೀದಲ್ಲೇನು? ಆಗಬೇಕಪಾ ಮಳಿ."

"ನಾ ಇನ್ನಾ ಬಾಯೇ ತಗದಿಲ್ಲೋ ಸಂಗ್ಯಾ."

ಸಾವ್ಕಾರ ಎಂಬುದು ಸಂಗ್ಯಾ ಆದ ಆ ಕ್ಷಣದಲ್ಲಿ ಯುದ್ಧ ಘೋಷಣೆಯಾಯಿತೆಂದು ಬಲ್ಲವರು ತಿಳಿಯಬೇಕು. ಕ್ಷುರಧಾರಾಪ್ರವೀಣನು ಕತ್ತಿಯನ್ನು ಗಾಳಿಯಲ್ಲೇ ನಿಲ್ಲಿಸಿದನು. ಭಾಂಡಸಾರ್ವಭೌಮನು ಅರ್ಧ ನೊರೆಯ ಮುಖವನ್ನು, ಗ್ರಹಣ ಹಿಡಿದ ಚಂದ್ರನಂತೆ, ಮೆಲ್ಲನೆ ಮೇಲೆತ್ತಿದನು.

"ಅದನ್ನ ಒಳಗಿಡು. ಆಮ್ಯಾಲ ಎಡಗಲ್ಲ," ಎಂದನು ಅಂದಾನೆಪ್ಪ.

"ಇದನ್ನ ಏನಂತ ತಿಳದೀಯೋ ನೀ?" ಸಂಗನಬಸಪ್ಪ ಮೊಬೈಲನ್ನು ಗದೆಯಂತೆ ಎತ್ತಿ ಗರ್ಜಿಸಿದನು. "ಇದರಾಗ ಜಗತ್ತ ಐತಿ. ಹುಬ್ಬಳ್ಳ್ಯಾಗ ಸ್ಟೀಲಿನ ದರಾ ಏರೂದ್ರಾಗ ನನಗ ಗೊತ್ತಾಗತೈತಿ. ಕುಂತ ಕುಂತಲ್ಲೇ ರೊಕ್ಕಾ ಕಳಸ್ತೀನಿ. ದುಬೈದಾಗಿರೂ ನಮ್ಮ ಷಡ್ಡಕ ಮುಂಜಾನೆ ಏನ ತಿಂದಾ ಅಂತನೂ ನನಗ ಗೊತ್ತು. ನಿನಗೇನ ಗೊತ್ತಲೇ, ಕತ್ತರಿ ಮತ್ತ ಕೂದಲಾ ಬಿಟ್ಟ?"

"ಷಡ್ಡಕ ಏನ ತಿಂದಾ ಗೊತ್ತು. ಮನ್ಯಾಗ ನಿನ್ನ ಹೇಂತಿ ಉಂಡಾಳೋ ಇಲ್ಲೋ ಗೊತ್ತೇನು?" ಅಂದಾನೆಪ್ಪನ ವಾಗ್ಬಾಣಗಳು ಬತ್ತಳಿಕೆಯಿಂದ ಸಾಲುಸಾಲಾಗಿ ಹೊರಟವು. "ಅಕ್ಕಾರು ನಮ್ಮನಿಯಾಕಿ ಮುಂದ ಅಂದಾರ, 'ನಮ್ಮವರಿಗೆ ಉಣ್ಣಾಕ ಬರ್ರಿ ಅಂತ ಕರೀಬೇಕಂದ್ರ ಫೋನ್ ಹಚ್ಚಬೇಕ್ರಿ, ಅದೂ ಅಡಗಿಮನಿಯಿಂದ ಪಡಸಾಲಿಗೆ.' ನಿನ್ನ ಮನಿ ಊಟಕ್ಕ ನಿನ್ನ ಕರ್ಯಾಕೂ ಕಂಪನಿಯವಗ ರೊಕ್ಕಾ ಕಟ್ಟತೀಯಲ್ಲೋ ಮಾರಾಯಾ. ಎಮ್ಮಿ ತಂದಿದ್ರ ಹಾಲರ ಕೊಡತಿತ್ತು. ಇದು ನಿನ್ನ ಹಿಂಡಾಕತ್ತೈತಿ."

ಬೆಂಚಿನ ತಪಸ್ವಿಗಳು ಅಂದು ಮೊದಲ ಬಾರಿಗೆ ತಲೆಯೆತ್ತಿದರು. ನ್ಯಾಯ ಹೇಳಲೆಂದಲ್ಲ, ಬಿಡಿಸಲೆಂದೂ ಅಲ್ಲ. ತಂತಮ್ಮ ಮೊಬೈಲುಗಳನ್ನು ಎತ್ತಿ ಹಿಡಿದು ಸಮರವನ್ನು ಚಿತ್ರೀಕರಿಸಲು. ಒಬ್ಬನು "ಕಾಕಾ, ಸ್ವಲ್ಪ ಈ ಕಡೆ ತಿರುಗ್ರಿ, ಬೆಳಕ ಬೀಳವಲ್ತು" ಎಂದು ವಿನಂತಿಯನ್ನೂ ಮಾಡಿದನು.

ಅಷ್ಟರಲ್ಲಿ ಮಾಯಾದರ್ಪಣವು ಮೊರೆಯಿತು. ಸಂಗನಬಸಪ್ಪನು ಶಂಖನಾದ ಕೇಳಿದ ಯೋಧನಂತೆ ಎದ್ದು, ಕೊರಳಿನ ಶ್ವೇತವಸ್ತ್ರ ಗಾಳಿಗೆ ಹಾರಾಡುತ್ತಿರಲು, ಒಂದು ಕೆನ್ನೆ ನುಣುಪು ಒಂದು ಕೆನ್ನೆ ನೊರೆಯಾಗಿ ಬೀದಿಗೆ ಇಳಿದನು. "ಹಲೋ, ಹಲೋ, ಯಾರ್ರೀ? ಜೋರ ಹೇಳ್ರಿ." ಅತ್ತ ಕಡೆಯಿಂದ, ಯಾರಿಗೂ ನಿಲ್ಲದ ಯಾರನ್ನೂ ಕೇಳದ ಒಂದು ಹೆಣ್ಣುದನಿ, ಸಾಲ ಬೇಕಿದ್ದರೆ ಒಂದನ್ನು ಒತ್ತಲು ಹೇಳುತ್ತಿತ್ತು. ಆ ದನಿಯ ಮಾತನ್ನು ಅವನು ನಡುವೆ ಬಾಯಿ ಹಾಕದೆ ಕೊನೆಯತನಕ ಕೇಳಿದನು. ಅಂದಾನೆಪ್ಪ ಬಾಗಿಲಲ್ಲಿ ನಿಂತು ಇದನ್ನೂ ನೋಡಿದನು. ಬಾಲ್ಯದ ಗೆಳೆಯನಿಗೆ ಸಿಗದ ಕಿವಿ ಧ್ವನಿಮುದ್ರಿಕೆಗೆ ಸಿಕ್ಕಿತ್ತು.

ಅವಮಾನಿತನಾದ ಸಾವ್ಕಾರನು ತಿರುಗಿ ಬರಲಿಲ್ಲ. ನೇರ ಎದುರು ಸಾಲಿನ ಮೌನೇಶಿಯ ಸಲೂನಿಗೆ ನುಗ್ಗಿ, "ಎಡಗಲ್ಲ ತಗೀ" ಎಂದು ಅಪ್ಪಣೆ ಮಾಡಿದನು. ಆದರೆ ಆ ವೃತ್ತಿಯಲ್ಲಿ ಒಂದು ಅಲಿಖಿತ ಧರ್ಮವುಂಟು: ಒಬ್ಬನು ಬ್ರಷ್ಷು ಆಡಿಸಿದ ಮುಖಕ್ಕೆ ಇನ್ನೊಬ್ಬನು ಕತ್ತಿ ಹಚ್ಚಬಾರದು. ಮೌನೇಶಿ ಆ ಮುಖವನ್ನು ಒಮ್ಮೆ ನೋಡಿ, ಓಣಿಯಾಚೆ ಬಾಗಿಲಲ್ಲಿ ನಿಂತಿದ್ದ ಅಂದಾನೆಪ್ಪನನ್ನು ಒಮ್ಮೆ ನೋಡಿ, ಕೈ ಕಟ್ಟಿಕೊಂಡನು.

"ಅಂದಾನೆಪ್ಪಣ್ಣನ ಸಾಬೂನ ಹತ್ತಿದ ಗಲ್ಲರೀ ಇದು. ನಾ ಮುಟ್ಟಂಗಿಲ್ಲ. ಅಲ್ಲೇ ಹೋಗ್ರಿ."

ಬಸ್‌ಸ್ಟ್ಯಾಂಡಿನ ಸಲೂನಿನಲ್ಲಿಯೂ ಇದೇ ಉತ್ತರ. ಜಗತ್ತೆಲ್ಲ ಅಂಗೈಯಲ್ಲಿದ್ದವನಿಗೆ ಅರ್ಧ ಗಡ್ಡ ತೆಗೆಯುವವರು ಜಗತ್ತಿನಲ್ಲಿ ಒಬ್ಬರೂ ಇಲ್ಲದೆ ಹೋದರು. ನೊರೆ ಒಣಗಿ, ಕೆರೆಯ ತಳದಂತೆ ಬಿರಿದು, ಮಾತಾಡಿದರೆ ಉದುರುವ ಸ್ಥಿತಿಯಲ್ಲಿ ಸಂಗನಬಸಪ್ಪ ಮರಳಿದನು. ಮೊಬೈಲನ್ನು ಚಾಚಿದನು. ಅಂದಾನೆಪ್ಪ ಅದನ್ನು ಕನ್ನಡಿಯ ಕೆಳಗಿನ ಡ್ರಾಯರಿಗೆ ಹಾಕಿ, ದುರ್ಗದ ಹೆಬ್ಬಾಗಿಲು ಮುಚ್ಚಿದ ಗತ್ತಿನಲ್ಲಿ ಮುಚ್ಚಿದನು. ಹೊಸ ನೊರೆ ಹಚ್ಚಿದನು. ಎಡಗೆನ್ನೆಗೆ ಕತ್ತಿ ಇಡುವ ಮುನ್ನ ಎದುರಿಗೆ ಬಂದು ನಿಂತನು.

"ಸಂಗ್ಯಾ, ನಮ್ಮ ನೀಲಾ ಹಡದಾಳ."

"ಗೊತ್ತೈತಲ್ಲೋ. ನಿನ್ನ ಅಳಿಯಾ ಬೆಳಕ ಹರಿಯೂಕಿಂತ ಮೊದಲ ನಮ್ಮ ಓಣಿ ಮೊಬೈಲ್ ಗುಂಪಿನ್ಯಾಗ ಹಾಕ್ಯಾನ. ನಾ ಹೆಬ್ಬೆಟ್ಟು ಒತ್ತೀನಿ."

ಓಣಿಯೆಲ್ಲಕ್ಕೂ ಗೊತ್ತಿದ್ದ ಸುದ್ದಿಯನ್ನು ಮಹಾವೀರನು ಮುಂಜಾನೆಯಿಂದ ಎದೆಗವಚಿಕೊಂಡು ಕಾದಿದ್ದನು. ಕತ್ತಿ ಹಿಡಿದ ಕೈ ಮೆಲ್ಲನೆ ಇಳಿಯಿತು.

"ಗೊತ್ತಿತ್ತು?"

"ಹೂಂ, ಅಂದ್ನಲ್ಲ."

"ಹೆಣ್ಣೋ ಗಂಡೋ?"

"ಅದನ್ನ ನೋಡಲಿಲ್ಲಪಾ. ಅದರ ಮ್ಯಾಲ ಯಾರೋ ಸತ್ತಿದ್ದೂ ಇತ್ತು. ಎರಡಕ್ಕೂ ಕೂಡೇ ಒತ್ತೀನಿ."

"ಹೆಣ್ಣು," ಎಂದನು ಅಂದಾನೆಪ್ಪ.

ಆಗ ಆ ನೊರೆಯ ನಡುವಿನಿಂದ, ಎಷ್ಟೋ ಕಾಲದ ಮೇಲೆ, ಒಂದು ಮುಖ ನಿಜವಾಗಿಯೂ ಅರಳಿತು. "ಹೌದ? ಚಲೋ ಆತಲ್ಲೋ ಅಂದಾನಿ. ಯಾರ ಹಂಗ ಅದಾಳ? ಮೂಗು ನಿನ್ನ ಹಂಗ ಇಲ್ಲ ಹೌದಲ್ಲ? ತಲಿಗೂದಲಾ ದಟ್ಟ ಅದಾವೇನು? ನಿಮ್ಮ ಮನಿತನದಾಗ ಎಲ್ಲಾರಿಗೂ ದಟ್ಟ."

ಇಡೀ ಊರಿನ ತಲೆಗೂದಲ ಚರಿತ್ರೆ ಬಲ್ಲವನಿಗೆ ಸ್ವಂತ ಮೊಮ್ಮಗಳ ತಲೆಯ ಸುದ್ದಿ ತಿಳಿಯದು. ಒತ್ತುಗುಂಡಿಯ ಫೋನು ಅಷ್ಟನ್ನು ಹೇಳಿರಲಿಲ್ಲ. ಇಬ್ಬರೂ ಡ್ರಾಯರಿನ ಕಡೆ ನೋಡಿದರು. ಇಬ್ಬರೂ ನೋಡಲಿಲ್ಲವೆಂಬಂತೆ ನಟಿಸಿದರು. ಕೊನೆಗೆ ಅಂಗುಷ್ಠಾಯುಧರ ಮಹಾವೈರಿಯಾದ ಆ ವೀರನು ಕೈಯನ್ನು ಟವೆಲಿಗೆ ಒರೆಸಿಕೊಂಡು, ತಾನೇ ಮುಚ್ಚಿದ ದುರ್ಗವನ್ನು ತಾನೇ ತೆರೆದನು. ಸಂಗನಬಸಪ್ಪ ಬೆರಳಾಡಿಸಿ ಫೋಟೋ ಹುಡುಕಿಕೊಟ್ಟನು. ಅಂದಾನೆಪ್ಪ ಅದನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿದನು. ಬೆಂಚಿನವರು ಕಾಯುತ್ತಿದ್ದರು. ನೊರೆ ಮತ್ತೆ ಒಣಗತೊಡಗಿತ್ತು.

"ಕಾಣತೈತೇನು?"

"ತಲಿಗೆ ಕುಂಚಿಗಿ ಹಾಕ್ಯಾರ," ಎಂದನು ಅಂದಾನೆಪ್ಪ. "ಹುಬ್ಬಿನತನಾ ಎಳದಾರ. ಏನೂ ಕಾಣವಲ್ತು."

"ಎರಡ ಬೆರಳಿಲೆ ಹಿಗ್ಗಸ ನೋಡು."

ಅಂದಾನೆಪ್ಪ ಹಿಗ್ಗಿಸಿದನು. ಕುಂಚಿಗೆ ದೊಡ್ಡದಾಯಿತು.