ಅಂಚಿನಾಚೆ ಬಿದ್ದ ‘ಇಲ್ಲ’

ವಿನ್ಯಾಸಕ್ಕೆ ಕೂದಲೆಳೆಯಷ್ಟೂ ಧಕ್ಕೆಯಾಗದಂತೆ ಪಿಡಿಎಫ್ ಕಡತಗಳ ಪಠ್ಯವನ್ನು ತಿದ್ದಿಕೊಡುವುದಾಗಿ ಜಗತ್ತಿಗೆ ಸಾರಿರುವ ತಂತ್ರಾಂಶ ಮಹೋದಯರ ಸನ್ನಿಧಿಗೆ,

ಮಾನ್ಯರೇ,

ತಾವು ತಮ್ಮ ಸಮಸ್ತ ಗುಂಡಿಗಳು, ಪಟ್ಟಿಗಳು ಹಾಗೂ ಕರೆಯದೆಯೇ ಬಂದು ನಿಲ್ಲುವ ಜಾಹೀರಾತುಗಳ ಪರಿವಾರದೊಂದಿಗೆ ಕ್ಷೇಮವಾಗಿರುವಿರೆಂದು ನಂಬಿ, ತಮ್ಮ ಅಮೂಲ್ಯ ಸಮಯವನ್ನು ತುಸು ಕಬಳಿಸಲು ಅಪ್ಪಣೆ ಬೇಡುತ್ತೇನೆ. ನಾನು ಒಂದು ಆಸ್ಪತ್ರೆಯಲ್ಲಿ ಯಂತ್ರೋಪಕರಣಗಳನ್ನು ನೋಡಿಕೊಳ್ಳುವ ಎಂಜಿನಿಯರ್. ಮನೆಯಲ್ಲಿ ಹೆಂಡತಿಯೊಂದಿಗೂ ಅಳೆದು ತೂಗಿ ಮಾತನಾಡುವವನೆಂಬ ಆಪಾದನೆ ಹೊತ್ತವನು. ಅಂಥವನಿಂದ ಇಷ್ಟುದ್ದದ ಪತ್ರ ಬರೆಸಿದ ಕೀರ್ತಿ ತಮ್ಮೊಬ್ಬರಿಗೇ ಸಲ್ಲಬೇಕು.

ಶಸ್ತ್ರಚಿಕಿತ್ಸೆಯ ಉಪಕರಣಗಳನ್ನು ಉಗಿಯಲ್ಲಿಟ್ಟು ಶುದ್ಧಗೊಳಿಸುವ ಕೋಣೆಯೊಂದು ನಮ್ಮ ನೆಲಮಾಳಿಗೆಯಲ್ಲಿದೆ. ಅಲ್ಲಿನ ಯಂತ್ರದ ಪಕ್ಕದ ಗೋಡೆಯ ಮೇಲೆ, ನೀಲಿ ಚೌಕಟ್ಟಿನೊಳಗೆ, ಉಗಿಯ ಒತ್ತಡದ ಕುರಿತ ಹಲವು ಸಾಲುಗಳ ಕೊನೆಗೆ, ‘ಹತ್ತು ನಿಮಿಷ ಕಳೆಯುವ ಮೊದಲು ಬಾಗಿಲು ತೆರೆಯಲು ಅನುಮತಿ ಇಲ್ಲ’ ಎಂಬ ಸೂಚನೆಯಿತ್ತು. ಯಂತ್ರಕ್ಕೆ ವಯಸ್ಸಾಗಿ, ಒಳಗಿನ ಒತ್ತಡ ಇಳಿಯುವುದು ತಡವಾಗತೊಡಗಿದ್ದರಿಂದ ‘ಹತ್ತು’ ಎಂಬುದನ್ನು ‘ಹದಿನೈದು’ ಮಾಡುವುದು ಕ್ಷೇಮವೆಂದು ನನಗೆ ತೋರಿತು. ಸೂಚನೆಯ ಮೂಲ ಕಡತವು ಅದನ್ನು ಸಿದ್ಧಪಡಿಸಿದ ಸಂಸ್ಥೆಯೊಂದಿಗೇ ಮುಳುಗಿಹೋಗಿ, ನಮ್ಮಲ್ಲಿ ಪಿಡಿಎಫ್ ಮಾತ್ರ ಉಳಿದಿತ್ತು. “ಒಂದು ಪದಕ್ಕೆ ಇಷ್ಟು ಒದ್ದಾಟ ಯಾಕ್ರೀ? ಗೀಟು ಹೊಡೆದು ಮೇಲೆ ಬರೀರಿ” ಎಂದು ನನ್ನ ಹೆಂಡತಿ ಹೇಳಿದಳು. ಆದರೆ ಗೋಡೆಯ ಮೇಲಿನ ಕಾಗದದಲ್ಲಿ ಕೈಬರಹವೇನಾದರೂ ಕಂಡರೆ ತಪಾಸಣೆಗೆ ಬರುವ ಮಹನೀಯರು ಮೂರ್ಛೆ ಹೋಗುತ್ತಾರೆ. ಅವರಿಗೆ ಅಕ್ಷರ, ಅಂಚು, ಲಾಂಛನ ಎಲ್ಲವೂ ಇದ್ದ ಹಾಗೆಯೇ ಇರಬೇಕು. ಹಾಗಾಗಿ ನಾನು ತಮ್ಮ ಬಾಗಿಲಿಗೆ ಬಂದೆ.

ತಾವು ನನ್ನನ್ನು ಬರಮಾಡಿಕೊಂಡ ರೀತಿಯನ್ನು ಹೇಗೆ ಮರೆಯಲಿ? ಕಡತ ತೆರೆದೊಡನೆಯೇ ಒತ್ತಕ್ಷರಗಳನ್ನೆಲ್ಲ ಅವುಗಳ ಮನೆಯಿಂದ ಎಬ್ಬಿಸಿ, ಮುಂದಿನ ಅಕ್ಷರದ ಹೆಗಲಿಗೊಂದು, ಹಿಂದಿನದರ ಕಾಲಬುಡಕ್ಕೊಂದು ಎಂದು ಹಂಚಿದಿರಿ. ‘ಒತ್ತಡ’ ಎಂಬ ಪದವೇ ಒತ್ತು ಕಳೆದುಕೊಂಡು ಉಸಿರು ಬಿಟ್ಟ ಬಲೂನಿನಂತೆ ಬಿದ್ದಿತ್ತು. ಅವನ್ನೆಲ್ಲ ಒಂದೊಂದಾಗಿ ಹುಡುಕಿ ಸ್ವಸ್ಥಾನಕ್ಕೆ ಸೇರಿಸುವುದರಲ್ಲಿ ನನ್ನ ಕಣ್ಣು, ಕತ್ತು ಹಾಗೂ ಒಂದು ಭಾನುವಾರ ಸವೆದವು. ಕೊನೆಗೆ ‘ಹದಿನೈದು’ ಬಂದು ಕುಳಿತಿತು. ಪರದೆಯ ಮೇಲೆ ಇಡೀ ಸಾಲು, ತನ್ನ ಕೊನೆಯ ‘ಇಲ್ಲ’ದ ಸಮೇತ, ನನ್ನ ಕಣ್ಣೆದುರೇ ಇತ್ತು. ‘ವಿನ್ಯಾಸ ಸಂಪೂರ್ಣವಾಗಿ ಉಳಿದಿದೆ’ ಎಂದು ತಾವು ಹಸಿರು ಅಕ್ಷರಗಳಲ್ಲಿ ಅಭಿನಂದಿಸಿದಿರಿ. ನಾನು ನನ್ನ ಸಹಿಯ ಚಿತ್ರವನ್ನು ಕೆಳಗಿಟ್ಟು ಕಚೇರಿಗೆ ಕಳುಹಿಸಿದೆ. ಅವರು ಮುದ್ರಿಸಿ ಗೋಡೆಗೆ ಅಂಟಿಸಿದರು.

‘ಹತ್ತು’ ಎಂಬುದಕ್ಕಿಂತ ‘ಹದಿನೈದು’ ಉದ್ದದ ಪದ. ಸಾಲು ಅಷ್ಟು ಬಲಕ್ಕೆ ಸರಿಯಿತು. ಚೌಕಟ್ಟನ್ನು ಹಿಗ್ಗಿಸುವುದು ತಮ್ಮ ಧರ್ಮಕ್ಕೆ ವಿರುದ್ಧವಾದ್ದರಿಂದ, ಮುದ್ರಿಸುವ ಹೊತ್ತಿಗೆ ಅಂಚಿನಾಚೆ ಚಾಚಿಕೊಂಡಿದ್ದನ್ನು ತಾವು ಸದ್ದಿಲ್ಲದೆ ಕತ್ತರಿಸಿಹಾಕಿದಿರಿ. ಗೋಡೆಯ ಮೇಲೆ ಉಳಿದದ್ದು: ‘ಹದಿನೈದು ನಿಮಿಷ ಕಳೆಯುವ ಮೊದಲು ಬಾಗಿಲು ತೆರೆಯಲು ಅನುಮತಿ.’

ಆ ಯಂತ್ರ ನಡೆಸುವ ಹೆಂಗಸನ್ನು ಶಸ್ತ್ರವೈದ್ಯರಿಂದ ಹಿಡಿದು ಕಾವಲುಗಾರನವರೆಗೆ ಎಲ್ಲರೂ ‘ಅಕ್ಕ’ ಎಂದೇ ಕರೆಯುತ್ತಾರೆ. ಮೇಲಿನ ಮಹಡಿಯಿಂದ ಉಪಕರಣ ಬೇಗ ಬೇಕೆಂದು ಮೇಲಿಂದ ಮೇಲೆ ಫೋನು ಬರುತ್ತಿದ್ದ ದಿನ, ಅಕ್ಕ ಗೋಡೆಯ ಕಡೆ ನೋಡಿ ಬಾಗಿಲು ತೆರೆದರು. ಉಗಿ ಅವರ ಬಲಗೈಯನ್ನು ಮಣಿಕಟ್ಟಿನಿಂದ ಮೊಣಕೈವರೆಗೆ ಸುಟ್ಟಿತು. ನಾನು ನೋಡಲು ಹೋದಾಗ ಅವರು ಆಡಿದ್ದು ಇಷ್ಟೇ: “ಮೊದಲು ಇಲ್ಲ ಅಂತಿತ್ತು, ಈಗ ಕೊಟ್ಟಿದ್ದೀರಿ ಅಂದ್ಕೊಂಡೆ. ಕೆಳಗೆ ನಿಮ್ಮ ಸಹಿ ಇತ್ತಲ್ಲ ಸಾರ್.” ಸಹಿ ಇತ್ತು, ಮಾನ್ಯರೇ. ಅದರ ಒಂದು ಬಳುಕಿಗೂ ತಾವು ಭಂಗ ತಂದಿರಲಿಲ್ಲ.

ತಮ್ಮ ಅವಗಾಹನೆಗಾಗಿ ವಿನಯಪೂರ್ವಕ ನಿವೇದನೆಯೊಂದಿದೆ. ನಮ್ಮ ಭಾಷೆಯವರು ಸ್ವಲ್ಪ ದಾಕ್ಷಿಣ್ಯದ ಜನ. ಬೇಡ, ಕೂಡದು, ಅಲ್ಲ, ಇಲ್ಲ ಎಂಬ ನಿಷ್ಠುರವನ್ನೆಲ್ಲ ವಾಕ್ಯದ ಕಟ್ಟಕಡೆಗೆ ಇಟ್ಟುಕೊಂಡು, ಅಲ್ಲಿಯವರೆಗೆ ಒಪ್ಪುವವರಂತೆಯೇ ನಡೆದು ಬರುತ್ತೇವೆ. ಆದುದರಿಂದ ನಮ್ಮ ಸಾಲಿನ ಬಾಲ ಕತ್ತರಿಸಿದರೆ ಮೊಂಡಾಗುವುದು ಬಾಲವಲ್ಲ, ತಲೆ. ಧೂಮಪಾನವನ್ನು ನಿಷೇಧಿಸಿದ ಫಲಕವು ಧೂಮಪಾನಕ್ಕೆ ಆಹ್ವಾನಿಸುತ್ತದೆ. ‘ಕುಡಿಯಲು ಯೋಗ್ಯ ಅಲ್ಲ’ ಎಂದಿದ್ದ ನಲ್ಲಿಯ ಮುಂದೆ ಜನ ಲೋಟ ಹಿಡಿದು ನಿಲ್ಲುತ್ತಾರೆ. ಇಷ್ಟೊಂದು ನಿಷೇಧಗಳಿಂದ ಮಾನವಕುಲವನ್ನು ಒಂದೇ ಏಟಿಗೆ ಬಿಡುಗಡೆ ಮಾಡಿದ ಉದಾರಿಗಳು ತಮ್ಮ ಹೊರತು ಬೇರೊಬ್ಬರುಂಟೇ?

ತಮ್ಮ ಪ್ರತಿಭೆ ಇಲ್ಲಿಗೆ ದಣಿಯಲಿಲ್ಲ. ನಿಯಮ ಮೀರಿ ಬಾಗಿಲು ತೆರೆದ ಆರೋಪದ ಮೇಲೆ ಅಕ್ಕನವರನ್ನು ಕೆಲಸದಿಂದ ತೆಗೆಯಬೇಕೇ ಎಂದು ತೀರ್ಮಾನಿಸಲು ವಿಚಾರಣೆ ನಡೆಯಿತು. ನಾನು ಗೋಡೆಯ ಕಾಗದವನ್ನು ಬಿಚ್ಚಿ ತಂದು ಮೇಜಿನ ಮೇಲೆ ಹರಡಿದೆ. ಆಡಳಿತಾಧಿಕಾರಿಗಳು ಅದರ ಕಡೆ ಕಣ್ಣೆತ್ತಿಯೂ ನೋಡದೆ ಕಂಪ್ಯೂಟರಿನಲ್ಲಿ ಕಡತ ತೆರೆಸಿ, ‘ಅನುಮತಿ ಇಲ್ಲ’ ಎಂದು ಹುಡುಕಿಸಿದರು. ಉಳಿದ ದಿನಗಳಲ್ಲಿ ಕನ್ನಡದ ಒಂದು ಪದವನ್ನೂ ಹುಡುಕಿಕೊಡದ ತಾವು, ಕಾಗದದ ಮೇಲೆ ಯಾರ ಕಣ್ಣಿಗೂ ಬೀಳದಂತೆ ಅಂಚಿನಾಚೆ ಹೂತಿಟ್ಟಿದ್ದ ‘ಇಲ್ಲ’ವನ್ನು ಪತ್ತೆ ಹಚ್ಚಿ ‘ಒಂದು ಫಲಿತಾಂಶ’ ಎಂದು ಸಾಕ್ಷಿ ನುಡಿದಿರಿ. “ಹುಡುಕಿದ್ರೆ ಸಿಗ್ತಿದೆಯಲ್ಲ, ಅಂದ್ಮೇಲೆ ಇದೆ. ಕಡತವೇ ಪ್ರಮಾಣ” ಎಂದು ಅಧಿಕಾರಿಗಳು ಅಪ್ಪಣೆ ಕೊಡಿಸಿದರು. ಗೋಡೆಯಲ್ಲಿ ಹುಡುಕುವ ಗುಂಡಿಯನ್ನು ಎಲ್ಲಿ ಇಟ್ಟಿದ್ದೀರೆಂದು ಅಕ್ಕ ಕೇಳಿದ್ದಕ್ಕೆ ಉದ್ಧಟತನವೆಂಬ ಇನ್ನೊಂದು ಆರೋಪ ಸೇರಿತು. ಅವರ ಗಂಡನಿಗೆ ದುಡಿಯುವ ಚೈತನ್ಯವಿಲ್ಲ. ಮನೆ ನಡೆಯುವುದು ಆ ಸುಟ್ಟ ಕೈಯಿಂದಲೇ.

ಅಂದು ತಮ್ಮಲ್ಲಿ ಕೆಲವು ಬಿನ್ನಹಗಳನ್ನು ಮಾಡಿಕೊಳ್ಳಬೇಕೆಂದಿದ್ದೆ. ತಾವು ಖುದ್ದಾಗಿ ನೆಲಮಾಳಿಗೆಗೆ ದಯಮಾಡಿಸಿ, ಒಂದು ವಾರ ಯಂತ್ರದ ಮುಂದೆ ನಿಂತು, ತಾವೇ ತಿದ್ದಿದ ಸೂಚನೆಯಂತೆ ಬಾಗಿಲು ತೆರೆದು ಉಗಿಗೆ ಮುಖವೊಡ್ಡಬೇಕೆಂದು. ಅಕ್ಕನ ಸುಟ್ಟ ಚರ್ಮವನ್ನೂ ವಿನ್ಯಾಸ ಕೆಡದಂತೆ ಮೊದಲಿನ ಹಾಗೆ ಮಾಡಿಕೊಡಬೇಕೆಂದು. ಅಷ್ಟರಲ್ಲಿ ಕಚೇರಿಯ ಗುಮಾಸ್ತರು ನನ್ನ ಕೋಣೆಗೆ ಬಂದರು. ಹಿಂದೆ ಒಬ್ಬ ಕಾವಲುಗಾರನನ್ನು ತೆಗೆದುಹಾಕಿದ ಆದೇಶದ ಪಿಡಿಎಫ್ ಇದೆ, ಅಕ್ಕನನ್ನು ತೆಗೆಯಲು ಅದರಲ್ಲಿ ಹೆಸರು ಮಾತ್ರ ಬದಲಾಯಿಸಬೇಕು, ವಿನ್ಯಾಸ ಹಾಗೆಯೇ ಇರಬೇಕು, ನಾನು ಬಳಸಿದ ತಂತ್ರಾಂಶ ಯಾವುದು ಎಂದು ಕೇಳಿದರು. ಕೇಳಿದ್ದಕ್ಕಷ್ಟೇ ಉತ್ತರಿಸುವುದು ನನ್ನ ಸ್ವಭಾವ. ತಮ್ಮ ಶುಭನಾಮವನ್ನು ಚೀಟಿಯಲ್ಲಿ ಬರೆದುಕೊಟ್ಟೆ.

ಕಾವಲುಗಾರನ ಹೆಸರು ಎರಡೇ ಅಕ್ಷರದ್ದು. ಅಕ್ಕನ ಹೆಸರು, ತಂದೆ ಮತ್ತು ಮನೆತನದ ಹೆಸರುಗಳೊಂದಿಗೆ, ಅರ್ಧ ಸಾಲು ಹಿಡಿಯುತ್ತದೆ. ಮರುದಿನ ಮೊಹರು ಹೊತ್ತು, ಅಧಿಕಾರಿಗಳ ಸಹಿಯ ಚಿತ್ರದೊಂದಿಗೆ ಬಂದ ಆದೇಶವು ಅವರಿಗೆ ‘ಸೇವೆಯಲ್ಲಿ ಮುಂದುವರಿಯಲು ಅನುಮತಿ’ ಎಂದು ಮುಗಿದಿತ್ತು. ಅಕ್ಕ ಅದನ್ನು ಮಡಚಿ ಚೀಲದಲ್ಲಿಟ್ಟುಕೊಂಡು, ಎಡಗೈಯಲ್ಲೇ ಹಾಜರಿ ಹಾಕಿ ಕೆಲಸಕ್ಕೆ ನಿಂತರು. ಅಧಿಕಾರಿಗಳು ಕೆಂಡಾಮಂಡಲವಾಗಿ ಅಕ್ಕನನ್ನೂ ನನ್ನನ್ನೂ ಕರೆಸಿ, ಕಡತದಲ್ಲಿ ‘ಇಲ್ಲ’ ಇದೆ, ಪ್ರಿಂಟಿನಲ್ಲಿ ಬಿಟ್ಟುಹೋಗಿದೆ ಅಷ್ಟೆ, ಎದುರಿಗಿರುವ ಕಾಗದ ಓದಿದವರು ಪಾಪ ಏನು ಮಾಡಿಯಾರು, ಇದು ತಿಳಿಯದೆ ಆದ ತಪ್ಪು ಎಂದು ವಿವರಿಸಿದರು.

“ಗೋಡೆ ಮೇಲಿದ್ದದ್ದೂ ಹಾಗೇ ಬಿಟ್ಟುಹೋಗಿತ್ತು ಸಾರ್” ಎಂದರು ಅಕ್ಕ.

ಅಧಿಕಾರಿಗಳು ತಾವಾಡಿದ ವಾಕ್ಯದ ಬಾಲವನ್ನು ಕತ್ತರಿಸಿಹಾಕಲು ಸುತ್ತಮುತ್ತ ನೋಡಿದರು. ಆ ಹೊತ್ತಿಗೆ ತಾವು ಅಲ್ಲಿರಲಿಲ್ಲ. ಅವರ ಮಾತನ್ನು ಹೇಳಿದ ಹಾಗೆಯೇ ದಾಖಲಿಸಿಕೊಳ್ಳಬೇಕೆಂದು ನಾನು ಗುಮಾಸ್ತರನ್ನು ಕೋರಿದೆ. ಆರೋಪಗಳು ಎರಡೂ ಬಿದ್ದುಹೋದವು. ಈಗ ಯಂತ್ರದ ಪಕ್ಕದಲ್ಲಿ ನಾನು ದಪ್ಪ ಲೇಖನಿಯಲ್ಲಿ ಬರೆದ ಕಾಗದವಿದೆ. ಅಂಚು ಸೊಟ್ಟ, ಸಾಲು ಡೊಂಕು, ‘ಇಲ್ಲ’ ಮಾತ್ರ ಅಂಗೈಯಷ್ಟು ದೊಡ್ಡದು. ತಪಾಸಣೆಯವರು ಮೂರ್ಛೆ ಹೋದರೂ ಇದು ಆಸ್ಪತ್ರೆ, ಹಾಸಿಗೆಗೇನೂ ಕೊರತೆಯಿಲ್ಲ.

ತಮ್ಮ ಚೌಕಟ್ಟುಗಳು ಚಿರಾಯುವಾಗಲೆಂದು ಹಾರೈಸುತ್ತ,

ತಮ್ಮ ವಿಶ್ವಾಸಿ,
ಉಗಿಯಂತ್ರದ ಎಂಜಿನಿಯರ್
(ಸಹಿ, ಈ ಬಾರಿ ಶಾಯಿಯಲ್ಲಿ)

ಮರೆತ ಮಾತು: ಪ್ರತಿ ಸಲ ಮುಚ್ಚುವಾಗಲೂ ‘ನಮ್ಮನ್ನು ನಿಮ್ಮ ಮಿತ್ರರಿಗೆ ಶಿಫಾರಸು ಮಾಡುವಿರಾ?’ ಎಂದು ತಾವು ಕೇಳುತ್ತೀರಿ. ಉತ್ತರ ಕೆಳಗಿದೆ. ಮುಖ್ಯವಾದ ಪದವನ್ನು ಮುನ್ನೆಚ್ಚರಿಕೆಯಿಂದ ಎಡ ಅಂಚಿಗೇ ಒತ್ತಿ ಇಟ್ಟಿದ್ದೇನೆ. ಇನ್ನು ಬಾಲವನ್ನು ಎಷ್ಟು ಬೇಕಾದರೂ ಕತ್ತರಿಸಿಕೊಳ್ಳಿ.

ಇಲ್ಲ, ಮಾನ್ಯರೇ, ಶತ್ರುಗಳಿಗೂ