ಮುತ್ತತ್ತಿಯಲ್ಲಿ ನಲವತ್ತು ಸುಣ್ಣದ ಚೌಕ

"ಈ ಭಾನ್ವಾರ ಮುತ್ತತ್ತಿ ರಸ್ತೇಲಿ ಒಂದು ಸೈಕಲ್ಲು ಅಡ್ಡ ನಿಂತಿದ್ರೂ ನನ್ನ ಹೆಸರು ರಾಜೇಂದ್ರ ಅಲ್ಲ."

"ಮೊದ್ಲು ಟಿಫನ್ ಬಾಕ್ಸು ಮರೀದೆ ತಗಂಡೋಗಿ," ಎಂದಳು ಹೆಂಡತಿ ವನಜಾ.

ಮೂರು ವರ್ಷದಿಂದ ರಾಜೇಂದ್ರ ಮಳವಳ್ಳಿಯಲ್ಲಿ ಬಸ್ಸು ಹತ್ತಿ, ಹಲಗೂರಿನಲ್ಲಿ ಇನ್ನೊಂದು ಹಿಡಿದು, ಮುತ್ತತ್ತಿಯ ಹೊಳೆದಂಡೆಗೆ ಹೋಗಿ ಬರುತ್ತಿದ್ದ. ಕೆಲಸ, ಬಂದ ಗಾಡಿಗಳನ್ನು ಸಾಲಾಗಿ ನಿಲ್ಲಿಸುವುದು. ನಡೆಯುತ್ತಿದ್ದದ್ದು ಸೀಟಿ ಊದುವುದು, ಬೈಸಿಕೊಳ್ಳುವುದು. ಸೊಂಟ ಬಸ್ಸಿನಲ್ಲೇ ಸವೆದುಹೋಗಿತ್ತು. ಈಗ ಮಳವಳ್ಳಿ ಕಚೇರಿಯಲ್ಲಿ ಒಂದು ಕುರ್ಚಿ ಖಾಲಿಯಾಗಿತ್ತು. ಭಾನುವಾರ ಸಾಹೇಬರೇ ಬಂದು ನೋಡುತ್ತಾರೆ, ರಸ್ತೆ ಸಲೀಸಾಗಿದ್ದರೆ ಅಲ್ಲೇ ವರ್ಗಾವಣೆ ಕಾಗದಕ್ಕೆ ಸಹಿ. ಮನೆಯಿಂದ ನಡೆದು ಹೋಗುವಷ್ಟು ದೂರ, ಮಧ್ಯಾಹ್ನಕ್ಕೆ ಬಿಸಿ ಊಟ! ಅವನಿಗೆ ಇನ್ನೇನೂ ಬೇಕಿರಲಿಲ್ಲ.

ಶನಿವಾರ ಇಡೀ ದಿನ ದಂಡೆಯ ಮರಗಳ ಕೆಳಗೆ ಕಲ್ಲು ಆಯ್ದ, ಕಸ ಗುಡಿಸಿದ, ಸುಣ್ಣದಲ್ಲಿ ನಲವತ್ತು ಚೌಕ ಬರೆದು ನಂಬರು ಹಾಕಿದ. ಕಾರು ಬಿಸಿಲಿಗೆ ಕಾಯಬಾರದೆಂದು ಒಳ್ಳೆ ನೆರಳನ್ನೇ ಹುಡುಕಿದ್ದ. ಇಂದ್ರಪ್ರಸ್ಥ ಕಟ್ಟಿದವರಿಗೂ ಅಷ್ಟು ಹೆಮ್ಮೆಯಾಗಿರಲಿಕ್ಕಿಲ್ಲ.

ಭಾನುವಾರ ಬೆಳಿಗ್ಗೆ ತಿರುವಿನಲ್ಲಿ ನಿಂತು, ಬಂದವರಿಗೆಲ್ಲ ಕೈತೋರಿಸಿದ. "ಮುಂದಕ್ಕೋಗಿ, ನಂಬರ್ ಆಕಿದೆ, ಒಂದೊಂದ್ ಚೌಕ ಇಡ್ಕಳಿ."

ಎಲ್ಲರೂ ಇಡ್ಕಂಡರು. ಹತ್ತೂವರೆಗೆ ಮರಗಳ ಮೇಲೆ ಹೊಗೆ ಕಂಡು ಓಡಿಹೋದರೆ, ಚೌಕ ಚೌಕದಲ್ಲೂ ಟಾರ್ಪಾಲು, ಮೂರು ಕಲ್ಲು, ಉರಿಯುವ ಸೌದೆ. ಗಾಡಿಗಳೆಲ್ಲ ತಿರುವಿನಾಚೆ ರಸ್ತೆಯಲ್ಲೇ. ಮುತ್ತತ್ತಿಗೆ ಬರುವವರು ಹೊಳೆಯಲ್ಲಿ ಮಿಂದು, ಆಂಜನೇಯನಿಗೆ ಕೈಮುಗಿದು, ದಂಡೆಯಲ್ಲಿ ಬೇಯಿಸಿ ಉಂಡು ಹೋಗುವವರು. ಗುಡಿಸಿದ ನೆರಳು ಕಂಡರೆ ಒಲೆ ಹೂಡದೆ ಬಿಡುತ್ತಾರೆಯೇ? ಮೂರು ವರ್ಷ ಕಣ್ಣಾರೆ ಕಂಡವನು ಅದನ್ನೇ ಮರೆತಿದ್ದ.

"ಅಜ್ಜಿ, ಇದು ಗಾಡಿ ನಿಲ್ಸೋ ಜಾಗ," ಎಂದ, ಒಂದನೇ ಚೌಕದಲ್ಲಿ ಮುದ್ದೆ ತಿರುವುತ್ತಿದ್ದ ಸಣ್ಣತಾಯಮ್ಮ ಎಂಬ ಮುದುಕಿಗೆ.

"ಗಾಡಿ ನೆಳ್ಳಲ್ಲಿ ನಿಂತ್ಕಂಡು ಮನುಸ್ರು ಬಿಸ್ಲಲ್ಲಿ ಕೂತ್ಕಬೇಕಾ? ಯಾವೂರ್ ನ್ಯಾಯ ಕಣಪ್ಪ ಇದು? ಕೂತ್ಕ, ಒಂದ್ ಮುದ್ದೆ ಉಂಡ್ಕಂಡೋಗು."

"ಬ್ಯಾಡ ಕಣಜ್ಜಿ, ಡ್ಯೂಟಿ."

"ಡ್ಯೂಟಿ ಎಲ್ಲೂ ಓಡೋಗಾಕಿಲ್ಲ, ಕೂತ್ಕ."

ಕೂತ. ಉಂಡ. ಉಂಡ ಬಾಯಲ್ಲೇ "ಎದ್ದೇಳಿ" ಅನ್ನುವುದು ಹೇಗೆ? ಎರಡನೇ ಚೌಕದಲ್ಲಿ ಕೋಳಿಸಾರು, ಏಳನೆಯದರಲ್ಲಿ ಬೋಟಿಗೊಜ್ಜು. ತಾನು ಬೈಯಬೇಕಾದವರೆಲ್ಲ ತನಗೆ ಬಡಿಸಿದವರಾದರು. ಹನ್ನೆರಡಕ್ಕೆ ರಸ್ತೆಯಲ್ಲಿ ಎರಡು ಮೈಲಿ ಗಾಡಿ ನಿಂತಿತ್ತು, ರಾಜೇಂದ್ರನಿಗೆ ಸೀಟಿ ಊದಲೂ ಉಸಿರಿರಲಿಲ್ಲ.

ಒಂದು ಗಂಟೆಗೆ ಸಾಹೇಬರು ನಡೆದೇ ಬಂದರು. ಜೀಪು ಎಲ್ಲೋ ಹಿಂದೆ ಸಿಕ್ಕಿಕೊಂಡಿತ್ತು. ಆ ಬೆವೆತ ಮುಖ ನೋಡಿ ರಾಜೇಂದ್ರ ವರ್ಗಾವಣೆಗೆ ಮನಸ್ಸಿನಲ್ಲೇ ಎಳ್ಳುನೀರು ಬಿಟ್ಟ. ಆದರೆ ಸಾಹೇಬರು ಬೈಯಲು ಬಾಯಿ ತೆರೆಯುವಷ್ಟರಲ್ಲಿ ಸಣ್ಣತಾಯಮ್ಮ ಅವರನ್ನೂ ಕೂರಿಸಿ ಎಲೆ ಹಾಕಿಯಾಗಿತ್ತು.

"ಇವ್ರೇ ಸ್ವಾಮಿ ಇದ್ನೆಲ್ಲ ಮಾಡ್ಸಿದ್ದು. ನಲ್ವತ್ ವರ್ಸದಿಂದ ಬತ್ತಿವ್ನಿ, ಜಾಗಕ್ಕೆ ಜಗಳ ಇಲ್ದೆ ಒಲೆ ಅಚ್ಚಿದ್ದು ಇದೇ ಮೊದ್ಲು."

ಅಕ್ಕಪಕ್ಕದ ಚೌಕದವರೂ ಹೌದೆಂದರು. ಸಾಹೇಬರು ಎರಡನೇ ಸಲ ಸಾರು ಹಾಕಿಸಿಕೊಂಡರು. ಕೈತೊಳೆದು, ಅದೇ ಒದ್ದೆ ಕೈಯನ್ನು ರಾಜೇಂದ್ರನ ಹೆಗಲ ಮೇಲಿಟ್ಟರು.

"ರಸ್ತೆ ಕತೆ ಹಾಳಾಗೋಗ್ಲಿ ಕಣ್ರೀ. ನಿಮ್ಮನ್ನ ಮಳವಳ್ಳಿಗೆ ಕಳಿಸಿದ್ರೆ ಈ ಜನ ನನ್ನ ಬಿಡ್ತಾರಾ? ಇಲ್ಲೇ ಇರಿ."

ವರ್ಗಾವಣೆ ಕಾಗದ ಸಹಿಯಿಲ್ಲದೆ ಸಾಹೇಬರ ಜೇಬಿನಲ್ಲೇ ಉಳಿಯಿತು.

ರಾಜೇಂದ್ರನಿಗೆ ಅಳು ಬಂತು. ಹೊಟ್ಟೆ ಬಿರಿಯುವಷ್ಟು ತುಂಬಿದ್ದರಿಂದ ಅದೂ ನೆಟ್ಟಗೆ ಬರಲಿಲ್ಲ. ಹೊಳೆಗೆ ಕಾಲು ಇಳಿಬಿಟ್ಟುಕೊಂಡು ಮನೆಗೆ ಫೋನು ಮಾಡಿದ.

"ಆಯ್ತಾ ಟ್ರಾನ್ಸ್‌ಫರು?" ಎಂದಳು ವನಜಾ.

"ಇಲ್ಲ ಕಣೆ. ಬಾಳ ಚೆನ್ನಾಗ್ ಕೆಲ್ಸ ಮಾಡಿದ್ದೀನಂತೆ. ಅದಕ್ಕೇ ಇಲ್ಲೇ ಇರ್ಬೇಕಂತೆ."

ಆ ಕಡೆಯಿಂದ ಒಂದು ನಿಟ್ಟುಸಿರು ಕೇಳಿಸಿತು.

"ಓಗ್ಲಿ ಬುಡಿ. ಮುಂದಿನ್ ಭಾನ್ವಾರ ನಮ್ಮಪ್ಪನ ಮನೆಯೋರು ಇಪ್ಪತ್ ಜನ ಅಲ್ಲಿಗೇ ಬತ್ತಾವ್ರೆ. ಒಳೆ ಪಕ್ಕದಲ್ಲೇ ಒಂದ್ ಚೌಕ ಇಡಿದಿಡಿ. ಗಾಡಿ ರಸ್ತೇಲೇ ನಿಲ್ಸ್ಕತಾರಂತೆ."