ಕುರ್ಚಿಯ ಮೇಲೆ ಕೂತು ಲಾಂಗ್ ಜಂಪ್

ತಿಪ್ಪೇಶ, ಭೂಮಿಕಾ, ನಿಮ್ಮ ದೊಡ್ಡಜ್ಜನ ಬಗ್ಗೆ ನಿಮಗೆ ಗೊತ್ತಿಲ್ಲದ ಒಂದು ಸಂಗತಿ ಹೇಳುತ್ತೇನೆ ಕೇಳಿ. ಗಂಡಸರ ಲಾಂಗ್ ಜಂಪಿನ ಒಂದೇ ಒಂದು ವಿಶ್ವ ಚಾಂಪಿಯನ್‌ಶಿಪ್ಪನ್ನೂ ಅವರು ಎಷ್ಟೋ ವರ್ಷಗಳಿಂದ ತಪ್ಪಿಸಿಲ್ಲ. ನೋಡುವುದನ್ನಲ್ಲ, ಹಾರುವುದನ್ನು! ಯಾವ ದೇಶದವನು ಹಾರಿದರೂ ಅವನ ಜೊತೆ ಇವರೂ ಹಾರಿದ್ದಾರೆ. ಅವರೆಲ್ಲ ದೂರ ಹೋಗಿ ಮರಳಿನಲ್ಲಿ ಬಿದ್ದರೆ, ಇವರು ಮಾತ್ರ ಎಲ್ಲಿಂದ ಹಾರಿದರೋ ಅಲ್ಲಿಗೇ, ಅಂದರೆ ನಮ್ಮ ಪಡಸಾಲೆಯ ಕುರ್ಚಿಗೇ, ಬಂದು ಇಳಿದಿದ್ದಾರೆ. ಅಷ್ಟೇ ವ್ಯತ್ಯಾಸ.

ಇದನ್ನು ಬಾಯಲ್ಲಿ ಹೇಳಬಹುದಿತ್ತು. ಆದರೆ ನನ್ನ ಸ್ವಭಾವ ನಿಮಗೆ ಗೊತ್ತು. ನಾಲ್ಕು ಜನರ ಮುಂದೆ ಮಾತಾಡಲು ಹೋದರೆ ಮಾತಿಗಿಂತ ಮೊದಲು ಸೆರಗು ಬಾಯಿಗೆ ಬರುತ್ತದೆ. ಊರ ಶಾಲೆಯಲ್ಲಿ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ, ಅದರಲ್ಲೇ ಬರೆಯುತ್ತೇನೆ. ಯುಗಾದಿಗೆ ನೀವು ಬಂದಾಗ ದೊಡ್ಡಜ್ಜ ಮಂಚದ ಮೇಲೆ ಮಲಗಿದ್ದರಲ್ಲ, ಬಲಗಾಲು ಅಲ್ಲಾಡಿಸದೆ? ಆ ಕಾಲು ಮತ್ತೆ ಎದ್ದರೆ ಅವರು ನಡೆಯುತ್ತಾರೆ, ಇಲ್ಲದಿದ್ದರೆ ಮಂಚವೇ ಗತಿ ಎಂದು ಡಾಕ್ಟರು ಹೇಳಿದ್ದರು. ಆ ಕಾಲಿನ ಕತೆ ಹೇಳಬೇಕು. ಅದಕ್ಕೆ ಮೊದಲು ಲಾಂಗ್ ಜಂಪಿನ ಹುಚ್ಚಿನ ಕತೆ ಹೇಳದೆ ವಿಧಿಯಿಲ್ಲ.

ಹುಚ್ಚು ಹತ್ತಿದ್ದು ಚಳ್ಳಕೆರೆಯ ಒಂದು ಚಾದಂಗಡಿಯಲ್ಲಿ. ಸಂತೆಯಲ್ಲಿ ಒಂದು ಟಗರು ಕೊಂಡು, ಅದನ್ನು ಅಂಗಡಿಯ ಕಂಬಕ್ಕೆ ಕಟ್ಟಿ, ಚಾ ಕುಡಿಯುತ್ತ ಟೀವಿ ನೋಡಿದರಂತೆ. ಸಂಜೆ ಮನೆಗೆ ಬಂದವರ ಕೈಯಲ್ಲಿ ಹಗ್ಗವೂ ಇಲ್ಲ, ಟಗರೂ ಇಲ್ಲ.

"ಟಗರು ಎಲ್ರೀ?" ಅಂದಳು ಅಕ್ಕ. ಅಕ್ಕ ಅಂದರೆ ನಿಮ್ಮ ದೊಡ್ಡಜ್ಜಿ, ನನ್ನ ವಾರಗಿತ್ತಿ.

"ಟಗರು ಬಿಡೇ! ಒಬ್ಬ ಮನುಷ್ಯ ಹಂಗೆ ಓಡಿಬಂದ, ಹಂಗೇ ಹಾರಿದ. ಹಿಂದೆ ತೋಳ ಇಲ್ಲ, ಮುಂದೆ ಮರಿ ಇಲ್ಲ. ಯಾತಕ್ಕೂ ಅಲ್ಲ, ಸುಮ್ಮನೆ ಹಾರಿದ!"

ಕುರಿ ಕಾಯ್ದವರಿಗೆ ಇದು ದೊಡ್ಡ ಆಶ್ಚರ್ಯವೇ. ಕುರಿ ಮೇಯಿಸುವ ವರವು ಕಾವಲಿನ ಬಯಲಲ್ಲಿ ಅವರೂ ಹಳ್ಳ ಕೊರಕಲು ಹಾರಿದ್ದರು. ಆದರೆ ತಪ್ಪಿಸಿಕೊಂಡ ಮರಿ ಹಿಡಿಯಲು, ಇಲ್ಲವೇ ಮಳೆಗೆ ಮುಂಚೆ ಮಂದೆ ಸೇರಲು. ಯಾವ ಕೆಲಸವೂ ಇಲ್ಲದೆ ಒಬ್ಬ ಗಂಡಸು ಅಷ್ಟೊಂದು ಕಷ್ಟಪಟ್ಟು ಹಾರುತ್ತಾನೆ, ಅದನ್ನು ಸೂಟು ಹಾಕಿದವರು ಟೇಪು ಹಿಡಿದು ಅಳೆಯುತ್ತಾರೆ ಎಂದರೆ! ಟಗರನ್ನು ಮಾರನೇ ದಿನ ಹೋಗಿ ತಂದರು. ಅದೂ ಟೀವಿಯ ಕಡೆಗೇ ಮುಖ ಮಾಡಿ ನಿಂತಿತ್ತಂತೆ. ಇದನ್ನು ನಾನು ನಂಬಿಲ್ಲ.

ಆಮೇಲೆ ಮನೆಗೂ ಟೀವಿ ಬಂತು. ಎರಡು ವರ್ಷಕ್ಕೊಮ್ಮೆ ಚಾಂಪಿಯನ್‌ಶಿಪ್ ಬಂತು. ಆಟಗಾರರ ಹೆಸರು ಇವರ ನಾಲಿಗೆಗೆ ಹತ್ತಲಿಲ್ಲ. ಅದಕ್ಕೆ ಕುರಿಗಳಿಗೆ ಹೆಸರಿಡುವಂತೆ ಗುರುತು ನೋಡಿ ಹೆಸರಿಟ್ಟರು. ಚುಕ್ಕೆ ಸಾಕ್ಸಿನವನು ಚುಕ್ಕೆಕಾಲ. ಜುಟ್ಟು ಕಟ್ಟಿದವನು ಜುಟ್ಟಪ್ಪ. ಓಡುವ ಮುಂಚೆ ಚಪ್ಪಾಳೆ ತಟ್ಟಿಸುವವನು ತಮಟೆ. ನಮ್ಮ ದೇಶದ ಹುಡುಗನಿಗೆ ಮಾತ್ರ ಗುರುತು ಬೇಕಿರಲಿಲ್ಲ. ಅವನು 'ನಮ್ಮೋನು'.

ಇಷ್ಟಾಗಿದ್ದರೆ ಸಹಿಸಬಹುದಿತ್ತು. ಆದರೆ ಅವರೊಂದು ಕಾನೂನು ಮಾಡಿದರು. ಹಾರುವವನು ಓಡಲು ಶುರು ಮಾಡಿದ ಕೂಡಲೇ ಪಡಸಾಲೆಯಲ್ಲಿ ಕೂತವರೆಲ್ಲ ಎರಡೂ ಕಾಲು ಮೇಲೆತ್ತಬೇಕು. ಅವನು ಮರಳಿಗೆ ಬೀಳುವ ತನಕ ಇಳಿಸುವಂತಿಲ್ಲ. "ಭೂಮಿ ಮ್ಯಾಲೆ ನೀವೆಲ್ಲ ಭಾರ ಹಾಕ್ಕಂಡು ಕೂತ್ರೆ ಅವ್ನು ಹೆಂಗೆ ಮ್ಯಾಲೆ ಏಳ್ತಾನೆ?" ಅನ್ನುವುದು ಅವರ ವಾದ. ಹಾರುವವನು ಮರಳಿನ ಮುಂದಿನ ಹಲಗೆ ದಾಟಿ ಕಾಲಿಟ್ಟರೆ ಫೌಲು, ಕೆಂಪು ಬಾವುಟ. ಸರಿಯಾಗಿ ಹಾರಿದರೆ ಬಿಳಿ. ಕೆಂಪು ಬಾವುಟ ಎದ್ದರೆ ಸಾಕು, ಅಲ್ಲಿ ಹಾರಿದವನ ಪಾದವನ್ನು ಯಾರು ನೋಡುತ್ತಾರೆ? ಇವರು ತಿರುಗಿ ಕೂತವರೆಲ್ಲರ ಪಾದ ನೋಡುತ್ತಿದ್ದರು!

ಒಮ್ಮೆ ಚಳ್ಳಕೆರೆಯ ಟೀವಿ ಮೆಕ್ಯಾನಿಕ್ ಅನ್ವರ್ ಡಿಶ್ ಸರಿಮಾಡಲು ಬಂದ. ಅಂಗಳದಲ್ಲಿ ಏಣಿ ಹತ್ತಿ ಅದನ್ನು ಅತ್ತ ಇತ್ತ ತಿರುಗಿಸಿದ. ಚಿತ್ರ ಬಂತು. ಅದೇ ಹೊತ್ತಿಗೆ ನಮ್ಮೋನು ಓಡಿಬಂದು ಚೆನ್ನಾಗಿ ಹಾರಿಬಿಟ್ಟ.

"ಚಾಚಾ, ಆಯ್ತು. ಇಳೀತೀನ್ರೀ," ಅಂದ ಅನ್ವರ್.

"ಲೇ, ಇಳೀಬ್ಯಾಡ! ನಿನ್ನ ಕಾಲು ನೆಲದ ಮ್ಯಾಲೆ ಇಲ್ಲ ಅಂತ್ಲೇ ಬಿಳಿ ಬಾವುಟ ಬಂದೈತೆ. ಅಲ್ಲೇ ಇರು!"

"ಅರೆ ಚಾಚಾ, ಅಂಗಡಿ ಬಾಗ್ಲು ತಗದಿಟ್ಟು ಬಂದೀನ್ರೀ!"

"ನಮ್ಮೋಂದು ಇನ್ನೆರಡು ಸುತ್ತು ಅಷ್ಟೇ."

ಅಕ್ಕ ಏಣಿಯ ಮೇಲಕ್ಕೇ ಚಾ ಕೊಟ್ಟಳು. ಅನ್ವರ್ ಅಲ್ಲೇ ಕುಡಿದ. ಅವತ್ತಿನಿಂದ ಅವನಿಗೂ ಈ ಹುಚ್ಚು ಅಂಟಿಕೊಂಡಿತು. ಈಗ ಯಾರೂ ಕರೆಯದಿದ್ದರೂ ಚಾಂಪಿಯನ್‌ಶಿಪ್ ಬಂದಾಗ ಅಂಗಡಿಗೆ ಬೀಗ ಹಾಕಿಕೊಂಡೇ ಬರುತ್ತಾನೆ.

ಇನ್ನು ನಿಮ್ಮಪ್ಪ ನಿಮ್ಮಮ್ಮನನ್ನು ನೋಡಲು ಬಂದ ದಿನ. ಮೊಳಕಾಲ್ಮುರು ಕಡೆಯವರು, ಮನೆಯಲ್ಲಿ ತೆಲುಗು ಮಾತಾಡುವವರು, ಮರ್ಯಾದಸ್ಥರು. ನಿಮ್ಮ ಅಪ್ಪನ ಅಪ್ಪ ಬಿಳಿ ಪಂಚೆ ಉಟ್ಟು, ಬಿಸಿ ಚಾ ಹಿಡಿದು, ಆಗತಾನೆ ಬಾಯಿಗಿಡಲು ಹೊರಟಿದ್ದರು. ಮೂಲೆಯಲ್ಲಿ ಸದ್ದಿಲ್ಲದೆ ಟೀವಿ ಓಡುತ್ತಿತ್ತು. "ಕಾಲೆತ್ರೀ!" ಎಂದು ಕೂಗಿದರು ದೊಡ್ಡಜ್ಜ. ಗಾಬರಿಗೆ ಆ ಹಿರಿಯರು ಕಾಲೆತ್ತಿದರು, ಚಾ ಪಂಚೆಯ ಮೇಲೆ ಇಳಿಯಿತು.

"ಏಮಯ್ಯಾ, ಇದೇಮಿ ಆಚಾರಂ?"

"ನಮ್ಮನೆ ಆಚಾರ ಕಣ್ರೀ," ಅಂದರು ದೊಡ್ಡಜ್ಜ, ಟೀವಿಯಿಂದ ಕಣ್ಣು ಕೀಳದೆ!

ನಿಮ್ಮಜ್ಜ, ಅಂದರೆ ನಮ್ಮ ಮನೆಯವರು, ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ನಗುತ್ತಿದ್ದರು. ಎಲ್ಲರಿಗಿಂತ ಮೇಲೆ ಕಾಲೆತ್ತಿದವನು ನಿಮ್ಮಪ್ಪ. ಅವನು ಹೊರಟ ಮೇಲೆ ದೊಡ್ಡಜ್ಜ ತೀರ್ಪು ಕೊಟ್ಟರು: "ಹುಡುಗ ಆಗ್ತಾನೆ." ಮದುವೆಯ ದಿನ ಬೀಗರ ಕಡೆಯ ಮುದುಕಿಯೊಬ್ಬಳು ನನ್ನ ಬಳಿ ಬಂದು, ತಾಳಿ ಕಟ್ಟುವ ಮುಂಚೆಯೋ ಆಮೇಲೋ, ನಿಮ್ಮ ಕಾಲೆತ್ತುವ ಶಾಸ್ತ್ರ ಯಾವಾಗ ಎಂದು ಕೇಳಿದಳು.

ಈಗ ನನ್ನ ವಿಷಯ. ದೊಡ್ಡಜ್ಜ ನನಗೆ ಭಾವ. ಭಾವನ ಎದುರು ಕುರ್ಚಿಯ ಮೇಲೆ ಕೂರುವುದು, ಬಾಯಿಬಿಟ್ಟು ಮಾತಾಡುವುದು ನಮ್ಮಲ್ಲಿ ಇಲ್ಲ. ನಾನು ಅಡಿಗೆಮನೆಯ ಬಾಗಿಲ ಹಿಂದೆ ನಿಂತೇ ಇಷ್ಟು ಲಾಂಗ್ ಜಂಪು ನೋಡಿದವಳು. ಏನಾದರೂ ಹೇಳಬೇಕಾದರೆ ಅಕ್ಕನ ಮೂಲಕ. "ಅಕ್ಕಾ, ಭಾವಾರಿಗೆ ಹೇಳು, ಊಟ ಆರ್ತೈತೆ." ಅವರೂ ಗೋಡೆಗೆ ಹೇಳಿದಂತೆ ಹೇಳುವರು: "ಆಯಮ್ಮಂಗೆ ಹೇಳು, ಸಾರು ಚೆನ್ನಾಗೈತೆ." ನಾವಿಬ್ಬರೂ ಒಂದೇ ಮನೆಯಲ್ಲಿ ಕಾಗದ ಬರೆದುಕೊಂಡವರ ಹಾಗೆ ಬದುಕಿದವರು.

ನಿಮ್ಮಜ್ಜ ತೀರಿಕೊಂಡ ಮೇಲೆ ನಾನು ಬಾಗಿಲ ಹಿಂದಕ್ಕೂ ಬರಲಿಲ್ಲ. ಒಲೆಯ ಮುಂದೆ ಕೂತರೆ ಅಲ್ಲೇ. ಬೇಯಿಸುವುದೇನೂ ಇಲ್ಲದಾಗಲೂ ಅಲ್ಲೇ. ಪಡಸಾಲೆಯಲ್ಲಿ ಅವರು ಕೂರುತ್ತಿದ್ದ ಜಾಗ ಕಣ್ಣಿಗೆ ಬೀಳುವುದು ಬೇಡವಾಗಿತ್ತು. ಆ ಸಲ ಚಾಂಪಿಯನ್‌ಶಿಪ್ ಬಂತು. ನಮ್ಮೋನು ಮೊದಲ ಸಲ ಹಾರಿದ, ಕೆಂಪು. ಎರಡನೇ ಸಲವೂ ಕೆಂಪು. ಪಡಸಾಲೆಯಿಂದ ಭಾವನ ದನಿ ಕೇಳಿತು.

"ಮನೇಲಿ ಯಾರದೋ ಕಾಲು ನೆಲದ ಮ್ಯಾಲೈತೆ!"

"ಎಲ್ಲಾರೂ ಎತ್ತೀವಲ್ರೀ," ಅಂದಳು ಅಕ್ಕ.

"ಪಡಸಾಲೇಲಿ ಅಂದ್ನಾ? ಮನೇಲಿ ಅಂದೆ."

ಆಮೇಲೆ ಕುರ್ಚಿ ಎಳೆಯುವ ಸದ್ದು. ತಮ್ಮ ಕುರ್ಚಿಯನ್ನೇ ತಂದು ಅಡಿಗೆಮನೆಯ ಹೊಸ್ತಿಲ ಮುಂದಿಟ್ಟು, ನನ್ನ ಕಡೆ ನೋಡದೆ, ಹೋಗಿ ನೆಲದ ಮೇಲೆ ಗೋಡೆಗೊರಗಿ ಕೂತರು. "ಆಯಮ್ಮಂಗೆ ಹೇಳು, ನಮ್ಮೋಂದು ಕೊನೇ ಹಾರಿಕೆ ಐತೆ. ಅವ್ನು ಸೋತ್ರೆ ಆಯಮ್ಮನ ಮ್ಯಾಲೆ ಬರ್ತೈತೆ!"

ಎಂಥಾ ಮೊಂಡುತನ! ಒಂದು ದೇಶದ ಮಾನ ನನ್ನ ಎರಡು ಕಾಲಿನ ಮೇಲೆ ನಿಂತಿದೆ ಅಂದರೆ ಯಾರಿಗೆ ತಾನೇ ಒಲೆಯ ಮುಂದೆ ಕೂತಿರಲು ಆಗುತ್ತದೆ? ಎದ್ದು ಬಂದೆ. ಕುರ್ಚಿಯ ತುದಿಯಲ್ಲಿ ಕೂತೆ. ಅವನು ಓಡಿದ, ನಾನು ಕಾಲೆತ್ತಿದೆ. ಬಿಳಿ ಬಾವುಟ! ಹಾರಿದ್ದು ತೀರಾ ಕಡಿಮೆ, ಮುಂದಿನ ಸುತ್ತಿಗೂ ಸಾಲಲಿಲ್ಲ. ಆದರೆ ಭಾವ ಗೆದ್ದವರಂತೆ ಮೀಸೆ ತೀಡಿದರು. ಆ ಕುರ್ಚಿ ಇವತ್ತಿಗೂ ಅಲ್ಲೇ ಇದೆ, ನನ್ನದು ಅಂತ. ದಿನಾ ಸಂಜೆ ಅಲ್ಲಿ ಕೂರುವುದು ಆಮೇಲೆ ಅಭ್ಯಾಸವೇ ಆಯಿತು.

ಇಂಥವರು, ಕೊರಕಲು ಹಾರಿದವರು, ಈ ವರ್ಷ ಬಚ್ಚಲುಮನೆಯ ಹೊಸ್ತಿಲಲ್ಲಿ ಜಾರಿದರು. ಸೊಂಟದ ಮೂಳೆ ಮುರಿಯಿತು. ದುರ್ಗದ ಆಸ್ಪತ್ರೆಯಲ್ಲಿ ಆಪರೇಷನ್ ಆಗಿ ಮನೆಗೆ ಬಂದರು. ವ್ಯಾಯಾಮ ಮಾಡಿಸಲು ಒಬ್ಬ ಹುಡುಗಿ ಬರುತ್ತಿದ್ದಳು.

"ಅಜ್ಜಾ, ಸ್ವಲ್ಪ ಕಾಲೆತ್ತಿ ನೋಡೋಣ."

"ಯಾಕಮ್ಮಾ? ಯಾರು ಹಾರ್ತಾವ್ರೆ?"

ಹುಡುಗಿ ನಕ್ಕಳು. ನಾವೂ ನಕ್ಕೆವು. ಆದರೆ ಒಂದು ಮಧ್ಯಾಹ್ನ ನಾನು ನನ್ನ ಕುರ್ಚಿಯಿಂದ ನೋಡಿದೆ. ಯಾರೂ ಇಲ್ಲ ಎಂದುಕೊಂಡು ಅವರು ಹಲ್ಲು ಕಚ್ಚಿ ಕಾಲೆತ್ತಲು ನೋಡಿದರು. ಅದು ಏಳಲಿಲ್ಲ. ಗೋಡೆಯ ಕಡೆ ತಿರುಗಿ ಕಂಬಳಿ ಎಳೆದುಕೊಂಡರು. ಅವತ್ತಿನಿಂದ ಆ ಹುಡುಗಿ ಬಂದರೆ ನಿದ್ದೆ ಬಂದವರಂತೆ ಕಣ್ಣು ಮುಚ್ಚುವರು.

ಚಾಂಪಿಯನ್‌ಶಿಪ್ ಬಂತು. ಅನ್ವರ್ ಬೀಗ ಹಾಕಿಕೊಂಡು ಬಂದ. ರಿಮೋಟು ಒತ್ತಿದ.

"ಟೀವಿ ಬ್ಯಾಡ," ಅಂದರು ಭಾವ.

ಇವರ ಬಾಯಿಂದ ಇಂಥ ಮಾತೇ?

"ಚಾಚಾ, ಫೈನಲ್ಲು ಐತಲ್ರೀ. ನಮ್ಮೋನು ಅವ್ನೆ!"

"ಬ್ಯಾಡ ಅಂದ್ನಲ್ಲ."

ಅಕ್ಕ ನನ್ನ ಮುಖ ನೋಡಿದಳು. ನಾನು ಅನ್ವರನಿಗೆ ಹಾಕು ಎಂದು ಸನ್ನೆ ಮಾಡಿದೆ. ಭಾವ ಗೋಡೆಯ ಕಡೆ ತಿರುಗಿಯೇ ಇದ್ದರು, ಆದರೆ ಕಿವಿ ಟೀವಿಯ ಕಡೆಗೇ ಇತ್ತು. ನಮ್ಮೋನು ಓಡಿಬಂದ. ನಾವೆಲ್ಲ ಕಾಲೆತ್ತಿದೆವು. ಕೆಂಪು. ಇನ್ನೊಂದು ಸುತ್ತು. ಅದೂ ಕೆಂಪು. ಮೂರನೆಯದಕ್ಕೆ ಅವನು ಓಟದ ತುದಿಯಲ್ಲಿ ನಿಂತು ಉಸಿರೆಳೆದುಕೊಂಡ. ಆಗ ನನ್ನ ಬಾಯಿಂದ ಮಾತು ಬಂತು. ಅಕ್ಕನಿಗಲ್ಲ, ಗೋಡೆಗಲ್ಲ, ನೇರ ಅವರಿಗೇ. ಮದುವೆಯಾಗಿ ಬಂದ ಮೇಲೆ ಮೊದಲ ಸಲ.

"ಭಾವಾರೇ, ಮನೇಲಿ ಒಬ್ರ ಕಾಲು ಮಂಚದ ಮ್ಯಾಲೇ ಐತೆ!"

ಹೇಳಿದ ಮೇಲೆ ನನಗೇ ಭಯವಾಯಿತು. ಸೆರಗು ಬಾಯಿಗೆ ಬಂತು. ಭಾವ ನಿಧಾನ ಈ ಕಡೆ ತಿರುಗಿದರು. ನನ್ನನ್ನು ನೋಡಿದರು. ಟೀವಿ ನೋಡಿದರು. ನಮ್ಮೋನು ಓಡಲು ಶುರು ಮಾಡಿದ್ದ. ಅವರ ಮುಖ ಕೆಂಪಾಯಿತು, ಮಂಚದ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದರು, ಎಡಗಾಲು ಎದ್ದಿತು. ಆಮೇಲೆ ಕಂಬಳಿ ಜಾರಿ ಬಲಗಾಲು ನಡುಗಿತು. ಎದ್ದಿತು. ಎಷ್ಟು? ಒಂದು ರೊಟ್ಟಿಯ ದಪ್ಪ. ಅಷ್ಟೇ. ಆದರೆ ಹಾಸಿಗೆಗೂ ಹಿಮ್ಮಡಿಗೂ ನಡುವೆ ಬೆಳಕು ಕಂಡಿತು!

ಕಾಲು ಇಳಿಯಿತು. ಭಾವ ಏದುಸಿರು ಬಿಡುತ್ತ ಕೇಳಿದರು: "ಎಷ್ಟು ಹಾರ್ದ?"

ಟೀವಿಯಲ್ಲಿ ಯಾರೋ ಮರಳು ಸಮ ಮಾಡುತ್ತಿದ್ದರು.

"ಲೇ ಅನ್ವರಾ, ಎಷ್ಟು ಹಾರ್ದ ಅಂತೀನಿ!"

"ಚಾಚಾ, ನಾನು ನಿಮ್ದೇ ನೋಡ್ತಿದ್ದೆ ರೀ."

"ನೀನಾದ್ರೂ ನೋಡ್ದೇನೇ?"

"ನಾನೂ ನಿಮ್ದೇ," ಅಂದಳು ಅಕ್ಕ, ಕಣ್ಣೊರೆಸಿಕೊಳ್ಳುತ್ತ.

"ಇಷ್ಟು ಜನ ಕಣ್ಣಿದ್ದೋರು ಕೂತು ಒಬ್ರಾದ್ರೂ ನೋಡ್ಬಾರ್ದಾ? ಹೋಗ್ಲಿ, ಬಿಳೀನಾ ಕೆಂಪಾ? ಅದಾದ್ರೂ ಹೇಳ್ರೀ!"

"ಬಿಳಿ, ಭಾವಾರೇ," ಅಂದೆ ನಾನು. ನಾನೂ ನೋಡಿರಲಿಲ್ಲ.

ಆಟ ಮುಗಿದ ಮೇಲೆ ಅಕ್ಕನೂ ನಾನೂ ಹಿತ್ತಲಲ್ಲಿ ಚಾ ಲೋಟ ತೊಳೆಯುತ್ತಿದ್ದೆವು. ಅಕ್ಕ ಇದ್ದಕ್ಕಿದ್ದಂತೆ ಕೈ ನಿಲ್ಲಿಸಿದಳು.

"ನಿಂಗೊಂದು ಹೇಳ್ತೀನಿ ಕಣೇ. ಅವತ್ತು ಹೊಸ್ತಿಲ ತಾವ ಕುರ್ಚಿ ಇಟ್ಟು ನಿನ್ನ ಕೂರಿಸಿದ್ರಲ್ಲ, ಅವತ್ತು ನಂಗೆ ಮಂಡಿ ನೋವು. ಮೂರು ಸಲಾನೂ ನನ್ನ ಕಾಲು ನೆಲದ ಮ್ಯಾಲೇ ಇತ್ತು. ಬಾಯಲ್ಲಿ ಮಾತ್ರ ಎತ್ತೀವಿ ಅಂದಿದ್ದೆ. ಅವ್ರು ನೋಡಿದ್ರು. ನಂಗೇನೂ ಅನ್ನದೆ ನಿನ್ನೇ ಕರದ್ರು."

ಒಳಗೆ ಭಾವ ಅನ್ವರನಿಗೆ ಹೇಳುತ್ತಿದ್ದುದು ಕೇಳುತ್ತಿತ್ತು: "ಆಯಮ್ಮ ಬಿಳಿ ಅಂದೈತೆ ಅಂದ್ರೆ ಬಿಳೀನೇ ಕಣಲೇ."

ಈಗ ಅವರು ವಾಕರ್ ಹಿಡಿದು ಅಂಗಳದ ತನಕ ಹೋಗಿ ಕುರಿಮರಿಗಳನ್ನು ಬೈದು ಬರುತ್ತಾರೆ. ನಾನು ಇದನ್ನು ಹೊಸ್ತಿಲ ಕುರ್ಚಿಯಲ್ಲಿ ಕೂತು ಬರೆಯುತ್ತಿರುವುದನ್ನು ಅಲ್ಲಿಂದಲೇ ನೋಡುತ್ತಾರೆ, ಏನೆಂದು ಕೇಳುವುದಿಲ್ಲ. ತಿಪ್ಪೇಶ, ಭೂಮಿಕಾ, ಈ ಹಾಳೆಗಳನ್ನು ಹರಿಯದ ಹಾಗೆ ಇಟ್ಟುಕೊಳ್ಳಿ. ಪೆಟ್ಟಿಗೆಯಲ್ಲಿಡಿ, ಅಟ್ಟದ ಮೇಲಿಡಿ, ನಿಮಗೆ ತೋಚಿದ ಕಡೆ ಇಡಿ. ನೆಲದ ಮೇಲೆ ಮಾತ್ರ ಇಡಬೇಡಿ.